ಲಿಂಗಪೂಜೆ ಬಿಟ್ಟ ಮೇಲೆ ಬಂದ ಸಂಕಟ, 14416, ಮಡಿಕೇರಿಯ ಕೌನ್ಸೆಲಿಂಗ್: ನನ್ನ ಅನುಭವ

ಮೊದ್ಲೇ ಹೇಳಿಬಿಡ್ತೀನಿ, ದೇವ್ರು ಇದಾನೋ ಇಲ್ವೋ ಅನ್ನೋ ವಾದಕ್ಕೆ ಇದನ್ನ ಬರೀತಿಲ್ಲ. ನಮ್ಮನೇಲಿ ನಾನೊಬ್ಳು ಬಿಟ್ಟು ಎಲ್ರೂ ನಂಬೋರೇ, ಅವ್ರ ಕೈಯಲ್ಲೇ ಬೆಳೆದವ್ಳು ನಾನು, ಅವ್ರ ನಂಬಿಕೆ ಮೇಲೆ ನಂಗೆ ಗೌರವ ಇದೆ. ಬರೀತಿರೋದು ನಂಬಿಕೆ ಹೋದ್ಮೇಲೆ ನಿದ್ದೆ ಕೆಟ್ಟಿದ್ದು, ಎದೆ ಡವಡವ ಅಂದಿದ್ದು, ದಿನಾ ಸುಳ್ಳು ಹೇಳಿ ಹೇಳಿ ಸುಸ್ತಾಗಿದ್ದು, ಇದಕ್ಕೆಲ್ಲ ನಾನು ಯಾರ ಹತ್ರ ಹೋದೆ, ಯಾರಿಂದ ಉಪಯೋಗ ಆಯ್ತು, ಯಾರಿಂದ ಆಗ್ಲಿಲ್ಲ ಅನ್ನೋದನ್ನ. ದುಡ್ಡು ಕೊಟ್ಟು ಮಾತಾಡಿದ ಒಂದು ಆಪ್, ಆಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅಂದ್ರೆ 14416, ಆಮೇಲೆ ಮಡಿಕೇರಿಲಿ ಎದುರು ಕೂತು ಮಾತಾಡಿದ ಒಬ್ರು ಕ್ಲಿನಿಕಲ್ ಸೈಕಾಲಜಿಸ್ಟ್. ನಾನು ಹುಡುಕ್ದಾಗ ಕನ್ನಡದಲ್ಲಿ ಇಂಥದ್ದು ಒಂದೂ ಸಿಕ್ಕಿರ್ಲಿಲ್ಲ, ಅದಕ್ಕೇ ಬರೀತಿದೀನಿ, ಉದ್ದ ಆದ್ರೆ ಕ್ಷಮಿಸಿ.

ನಮ್ದು ಶನಿವಾರಸಂತೆ ಕಡೆ. ಕೊಡಗು ಅಂದ್ರೆ ಹೊರಗಿನೋರಿಗೆ ಕೊಡವ್ರು, ಕೈಲ್‌ಪೊಳ್ದ್, ಪುತ್ತರಿ ಹಬ್ಬ ಅಷ್ಟೇ ನೆನಪಾಗುತ್ತೆ, ಆದ್ರೆ ನಮ್ಮ ಉತ್ತರದ ತುದಿ ಇದ್ಯಲ್ಲ, ಶನಿವಾರಸಂತೆ, ಕೊಡ್ಲಿಪೇಟೆ ಕಡೆ, ಇಲ್ಲಿ ಮನೆಮಾತು ಕನ್ನಡ, ಲಿಂಗಾಯತರ ಮನೆಗಳು ಜಾಸ್ತಿ. ಕೊಡಗನ್ನ ಆಳಿದ ಹಾಲೇರಿ ಅರಸರೂ ವೀರಶೈವರೇ ಅಂತ ನಮ್ಮ ತಾತ ಹೆಮ್ಮೆಯಿಂದ ಹೇಳ್ತಿದ್ರು. ನಂಗೆ ಹುಟ್ಟಿದಾಗ್ಲೇ ಲಿಂಗ ಕಟ್ಟಿದ್ರು, ದೀಕ್ಷೆ ಆಗಿದ್ದು ಒಂಬತ್ತನೇ ವಯಸ್ಸಿಗೆ. ಅವತ್ತಿಂದ ಬೆಳಗ್ಗೆ ಅಂದ್ರೆ ಸ್ನಾನ, ಒದ್ದೆ ಕೂದ್ಲಿಗೆ ಟವೆಲ್ಲು, ಮಣೆ, ಎಡಗೈ ಅಂಗೈ ಮೇಲೆ ಲಿಂಗ, ಮೂರು ಬೆರಳ ವಿಭೂತಿ, ಒಂದು ಬಿಲ್ವಪತ್ರೆ, ಆಮೇಲೆ ರೆಪ್ಪೆ ಮಿಟುಕಿಸದೆ ಅದನ್ನೇ ನೋಡ್ತಾ ಕೂರೋದು. ಅದಾದ್ಮೇಲೇ ಬಾಯಿಗೆ ಕಾಫಿ. ಜ್ವರ ಬಂದ್ರೂ ಅಷ್ಟೇ, ಪರೀಕ್ಷೆ ಇದ್ರೂ ಅಷ್ಟೇ.

ನಂಬಿಕೆ ಹೇಗೆ ಹೋಯ್ತು ಅಂತ ಗೊತ್ತಿರೋ ಒಂದಿಬ್ರು ಕೇಳಿದಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡಗಳು ಕುಸಿದ್ವಲ್ಲ, ಆಮೇಲೆ 2020ರಲ್ಲಿ ತಲಕಾವೇರಿಲೇ ಬ್ರಹ್ಮಗಿರಿ ಬೆಟ್ಟ ಜಾರಿ ಅರ್ಚಕರ ಮನೇನೇ ಮಣ್ಣಡಿ ಹೋಯ್ತಲ್ಲ, ಅದ್ರಿಂದಾನಾ ಅಂತ. ಅಲ್ಲ. 2018ರಲ್ಲಿ ನಾನು ಇನ್ನೂ ಜಾಸ್ತಿ ಪೂಜೆ ಮಾಡ್ತಿದ್ದೆ, ಭಯಕ್ಕೆ. ನಂದು ಹೋಗಿದ್ದು ರೇಷ್ಮೆ ಸೀರೆ ಬೀರುವಲ್ಲಿದ್ದಂಗೇ ಮಡಿಚಿಟ್ಟ ಜಾಗದಲ್ಲಿ ಸವೆದುಹೋಗುತ್ತಲ್ಲ ಹಂಗೆ, ಯಾವತ್ತು ಅಂತ ದಿನ ಹೇಳೋಕಾಗಲ್ಲ, ಬಿಚ್ಚಿ ನೋಡಿದಾಗ ಗೆರೆ ಗೆರೆ ಹರಿದಿತ್ತು. 2024ರ ಶಿವರಾತ್ರಿ ಮುಗಿದ ಮೇಲೆ ಒಂದು ಬೆಳಗ್ಗೆ ಅಂಗೈ ನೋಡ್ತಾ ಕೂತಿದ್ದೆ, ನಾನು ಯಾರ ಜೊತೆನೂ ಮಾತಾಡ್ತಿಲ್ಲ, ಸುಮ್ನೆ ಕೂತಿದೀನಿ ಅಂತ ಸ್ಪಷ್ಟವಾಗಿ ಗೊತ್ತಾಯ್ತು. ಇನ್ನೂ ಎರಡು ತಿಂಗ್ಳು ಹಂಗೇ ಮಾಡ್ಕೊಂಡು ಹೋದೆ. ಆಮೇಲೆ ಲಿಂಗ ಇಡೋ ಕರಡಿಗೆನ, ಅದನ್ನ ಕೊರಳಿಗೆ ಕಟ್ಟೋ ಶಿವದಾರದ ಸಮೇತ ತೆಗೆದು, ಅಜ್ಜಿ ಕೊಟ್ಟಿದ್ದ ಹಸಿರು ಸೀರೆ ಒಳಗೆ ಸುತ್ತಿ ಬೀರುವಿಗೆ ಇಟ್ಟೆ.

ಹಗುರ ಆಗುತ್ತೆ ಅಂದ್ಕೊಂಡಿದ್ದೆ. ಒಂದು ವಾರ ಆಯ್ತು ಕೂಡ. ಆಮೇಲೆ ಶುರುವಾಯ್ತು. ತೋಟದಲ್ಲಿ ಕಾಫಿ ಹಣ್ಣಿನ ಬುಟ್ಟಿ ಎತ್ತೋಕೆ ಬಗ್ಗಿದ್ರೆ ಎಡಗೈ ತಾನಾಗೇ ಎದೆಗೆ ಹೋಗೋದು, ಕರಡಿಗೆ ಮುಂದಕ್ಕೆ ಜೋಲಾಡದೇ ಇರ್ಲಿ ಅಂತ ಮೂವತ್ತು ವರ್ಷದಿಂದ ಹಿಡಿದು ಅಭ್ಯಾಸ ಅದು, ಅಲ್ಲಿ ಏನೂ ಇರ್ತಿರ್ಲಿಲ್ಲ, ಆ ಒಂದು ಕ್ಷಣ ಏನೋ ಕಳ್ಕೊಂಡ್ಬಿಟ್ಟೆ ಅಂತ ಜೀವ ಝಲ್ ಅನ್ನೋದು. ಲಿಂಗ ಹೋದ್ರೆ ಪ್ರಾಣ ಹೋದಂಗೆ ಅಂತ ಕೇಳ್ಕೊಂಡು ಬೆಳೆದಿದ್ದು ನಾವು. ರಾತ್ರಿ ಎರಡೂವರೆಗೆ ಎಚ್ಚರ ಆದ್ರೆ ಮತ್ತೆ ನಿದ್ದೆ ಇಲ್ಲ. ಇನ್ನೊಂದು ಅವ್ವನ ಫೋನು. ಅವ್ವ ದಿನಾ ಬೆಳಗ್ಗೆ ಎಂಟಕ್ಕೆ ಫೋನ್ ಮಾಡ್ತಾರೆ, ಮೊದಲ್ನೇ ಮಾತೇ "ಲಿಂಗಪೂಜೆ ಆಯ್ತೇನವ್ವಾ?" ಅಂತ. ನಾನು "ಹೂಂ ಆಯ್ತು" ಅನ್ನೋದು. ಬೇರೆಯವ್ರಿಗೆ ಸಣ್ಣ ವಿಷ್ಯ ಅನ್ಸಬಹುದು. ಒಂದು ವರ್ಷಕ್ಕೆ ಮುನ್ನೂರೈವತ್ತು ಸಲ ಅವ್ವಂಗೆ ಸುಳ್ಳು ಹೇಳೋದು ಸಣ್ಣದಲ್ಲ, ಏಳೂವರೆ ಆದ್ರೇ ಹೊಟ್ಟೆ ಕಿವುಚೋಕೆ ಶುರುವಾಗ್ತಿತ್ತು.

ಇದನ್ನ ಯಾರ ಹತ್ರ ಹೇಳೋದು? ನಂಬೋರಿಗೆ ಹೇಳಿದ್ರೆ "ನೋಡು, ಬಿಟ್ಟಿದ್ದಕ್ಕೇ ಹಿಂಗಾಗಿದ್ದು" ಅಂತಾರೆ. ಮೈಸೂರಲ್ಲಿ ನನ್ನ ಚಿಕ್ಕಪ್ಪನ ಮಗ ಇದಾನೆ, ಕಾಲೇಜ್ ದಿನದಿಂದ ವಿಚಾರವಾದಿ, ಓದ್ಕೊಂಡಿರೋನು, ಎಚ್. ನರಸಿಂಹಯ್ಯನವ್ರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನ ತನಿಖೆ ಮಾಡೋಕೆ ಸಮಿತಿ ಮಾಡಿದ್ರು ಅನ್ನೋದೆಲ್ಲ ನಂಗೆ ಹೇಳಿದ್ದು ಅವ್ನೇ. ಅವ್ನಿಗೆ ಫೋನ್ ಮಾಡಿ ಭಯ ಆಗುತ್ತೆ ಕಣೋ ಅಂದ್ರೆ, "ಇನ್ನೂ ಭಯಾನಾ? ಹಂಗಾದ್ರೆ ನೀನು ಪೂರ್ತಿ ಹೊರಗೆ ಬಂದಿಲ್ಲ ಅಕ್ಕಾ" ಅಂದ. ಪ್ರೀತಿಯಿಂದಾನೇ ಅಂದಿದ್ದು. ಆದ್ರೆ ಆ ಮಾತು ನಂಗೆ ಅವ್ವನ ಮಾತಿಗಿಂತ ಜಾಸ್ತಿ ಚುಚ್ಚಿತು. ಪ್ರಶ್ನೆ ಮಾಡೋದು ಹೇಗೆ ಅಂತ ಕಲ್ಸೋ ಪುಸ್ತಕ, ಭಾಷಣ ನಮ್ಮ ಕನ್ನಡದಲ್ಲಿ ಬೇಕಾದಷ್ಟಿದೆ, ಪ್ರಶ್ನೆ ಮಾಡಿ ಮುಗಿಸಿ ರಾತ್ರಿ ಎರಡೂವರೆಗೆ ಎದ್ದು ಕೂತಿರೋ ಹೆಂಗ್ಸಿಗೆ ಏನು ಹೇಳ್ಬೇಕು ಅನ್ನೋದು ಅದ್ರಲ್ಲಿ ನಂಗೆ ಸಿಗ್ಲಿಲ್ಲ.

ಈಗ ಆಪ್ ವಿಷ್ಯ. ಹೆಸರು ಹೇಳಲ್ಲ, ಹೇಳಿ ಏನೂ ಆಗ್ಬೇಕಾಗಿಲ್ಲ. ಅರ್ಧ ಗಂಟೆಗೆ 900 ರೂಪಾಯಿ, ಕನ್ನಡ ಬರೋರು ಬೇಕು ಅಂತ ಆಯ್ಕೆ ಮಾಡ್ಕೊಂಡೆ. ಶನಿವಾರ ಸಂತೆ ದಿನ ಎಲ್ರೂ ಪೇಟೆಗೆ ಹೋದ್ಮೇಲೆ ಕಾಫಿ ಕಣದ ಮೂಲೇಲಿ ನಿಂತು ಮಾತಾಡಿದ್ದು, ನಮ್ಮನೇಲಿ ಸಿಗ್ನಲ್ ಸಿಗೋದು ಅಲ್ಲಿ ಮಾತ್ರ. ಆಕೆ ಮೊದಲ ಹತ್ತು ನಿಮಿಷ ಫಾರಂ ತುಂಬಿಸ್ಕೊಂಡ್ರು. ಆಮೇಲೆ ನಾನು ಹೇಳಿದ್ದೆಲ್ಲ ಕೇಳಿ, ಮನೇಲಿ ನೆಗೆಟಿವ್ ಎನರ್ಜಿ ಇರಬಹುದು, ಒಂದು ಸಣ್ಣ ಪೂಜೆ ಮಾಡಿಸಿ, ದಿನಾ ಬೆಳಗ್ಗೆ ಕೃತಜ್ಞತೆ ಹೇಳಿ, ಲಿಂಗ ಕಟ್ಕೊಂಡ್ರೆ ನಿಮಗೇ ಸಮಾಧಾನ ಅನ್ನೋ ಹಾಗಿದ್ರೆ ಕಟ್ಕೊಳ್ಳಿ, ಏನಾಗುತ್ತೆ ಅಂದ್ರು. ನಾನು ಫೋನಿಟ್ಟು ಕಣದಲ್ಲೇ ಕೂತ್ಬಿಟ್ಟೆ. ಅವ್ರು ಕೆಟ್ಟವ್ರಲ್ಲ, ಆದ್ರೆ ನನ್ನ ಕಷ್ಟ ಏನು ಅಂತಾನೇ ಅವ್ರಿಗೆ ತಿಳೀಲಿಲ್ಲ. ಆಮೇಲೆ ಗೊತ್ತಾಗಿದ್ದು, ಕೌನ್ಸೆಲರ್ ಅಂತ ಯಾರು ಬೇಕಾದ್ರೂ ಹಾಕ್ಕೊಳ್ತಾರೆ, ಆದ್ರೆ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನೋಕೆ ರೀಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಣಿ ಇರ್ಬೇಕು. ದುಡ್ಡು ಕಟ್ಟೋಕೆ ಮುಂಚೆ ಆ ನೋಂದಣಿ ನಂಬರ್ ಕೇಳಿ. ಕೇಳೋದು ತಪ್ಪಲ್ಲ, ಸರಿಯಾಗಿ ಓದ್ಕೊಂಡೋರು ಬೇಜಾರಿಲ್ದೆ ಕೊಡ್ತಾರೆ.

14416ಕ್ಕೆ ಫೋನ್ ಮಾಡೋ ಪರಿಸ್ಥಿತಿ ಬಂದಿದ್ದು 2025ರ ಜುಲೈನಲ್ಲಿ. ನಮ್ಮ ಕಡೆ ಜುಲೈ ಹೇಗಿರುತ್ತೆ ಗೊತ್ತಲ್ಲ, ಹಗಲೇ ಕತ್ತಲೆ, ಮರ ಬಿದ್ದು ಕರೆಂಟ್ ಮೂರು ದಿನ ಇಲ್ಲ. ಮಗನಿಗೆ ಜ್ವರ, ಏಳು ವರ್ಷ ಅವ್ನಿಗೆ, 103 ದಾಟಿತ್ತು. ಡಾಕ್ಟ್ರು ವೈರಲ್ ಅಂತ ಹೇಳಿ ಸಿರಪ್ ಕೊಟ್ಟಿದ್ರು. ಎರಡನೇ ರಾತ್ರಿ ಒದ್ದೆ ಬಟ್ಟೆ ಹಣೆಗೆ ಹಾಕ್ತಾ ಕೂತಿದ್ದಾಗ ನನ್ನ ತಲೇಲಿ ಒಂದೇ, ನಾನು ಬಿಟ್ಟಿದ್ದಕ್ಕೆ ಮಗೂಗೆ ಬಂತು. ನಂಬಿಕೆ ಇಲ್ಲ ಅನ್ನೋದು ಅಷ್ಟೇ ಸ್ಪಷ್ಟವಾಗಿ ಗೊತ್ತಿತ್ತು, ಆದ್ರೂ ಕೈ ಹೋಗಿ ಬೀರು ತೆಗೀತು. ಟಾರ್ಚ್ ಬೆಳಕಲ್ಲಿ ಹಸಿರು ಸೀರೆ ಬಿಚ್ಚಿ ಲಿಂಗ ಕಟ್ಕೊಂಡೆ. ಮಾರನೇ ದಿನ ಮಧ್ಯಾಹ್ನ ಜ್ವರ ಇಳೀತು. ವೈರಲ್ ಜ್ವರ ಮೂರು ನಾಕು ದಿನಕ್ಕೆ ಇಳಿಯೋದೇ, ಅದೂ ಗೊತ್ತು. ಆದ್ರೆ ಈಗ ತೆಗೆಯೋಕೆ ಕೈ ಬರ್ತಿಲ್ಲ. ಕಟ್ಕೊಂಡಿರೋಕೂ ಆಗ್ತಿಲ್ಲ, ಕಳ್ಳತನ ಮಾಡಿ ಹಾಕ್ಕೊಂಡಂಗೆ ಅನ್ಸೋದು. ಅವತ್ತು ರಾತ್ರಿ ಹನ್ನೆರಡು ಗಂಟೆ ಹತ್ರ ಛತ್ರಿ ಹಿಡ್ಕೊಂಡು ಕಣದ ಮೂಲೆಗೆ ಹೋಗಿ ಫೋನ್ ಮಾಡಿದೆ.

ಟೆಲಿ ಮಾನಸ್ ಬಗ್ಗೆ ಗೊತ್ತಿಲ್ದೋರಿಗೆ: ಇದು ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ಕ್ಕೆ, ಅಂದ್ರೆ ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಗಿದ್ದು, ಅದಕ್ಕೆ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದಿನದ 24 ಗಂಟೆನೂ ಇರುತ್ತೆ, ದುಡ್ಡಿಲ್ಲ, 20 ಭಾಷೆಲಿ ಇದೆ, ಕನ್ನಡ ಆಯ್ಕೆ ಮಾಡ್ಕೊಬಹುದು. 14416 ಹೋಗ್ಲಿಲ್ಲ ಅಂದ್ರೆ 1800-891-4416 ಅಂತ ಇನ್ನೊಂದು ನಂಬರ್ ಇದೆ. ಮೊದ್ಲು ಮಾತಾಡೋದು ತರಬೇತಿ ಆಗಿರೋ ಕೌನ್ಸೆಲರ್, ಅದಕ್ಕಿಂತ ಜಾಸ್ತಿ ಬೇಕು ಅಂತ ಅವ್ರಿಗೆ ಅನ್ಸಿದ್ರೆ ಮನೋವೈದ್ಯರಿಗೋ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವ್ರಿಗೋ ದಾಟಿಸ್ತಾರೆ.

ನಂಗೆ ಸಿಕ್ಕಿದ್ದು ಒಬ್ಬ ಹುಡುಗಿ, ಧ್ವನಿ ಕೇಳಿದ್ರೆ ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ನಾನು ಮೊದ್ಲು ಅತ್ತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಆಕೆ "ಪರವಾಗಿಲ್ಲ ಅಕ್ಕ, ನಾನು ಲೈನಲ್ಲೇ ಇದೀನಿ" ಅಂತ ಆಗಾಗ ಅಂತಿದ್ಲು ಅಷ್ಟೇ. ಆಮೇಲೆ ಎಲ್ಲ ಹೇಳ್ದೆ. ಆಕೆ ದೇವ್ರ ವಿಷ್ಯಕ್ಕೇ ಬರ್ಲಿಲ್ಲ. ಮಗು ಈಗ ಹೇಗಿದಾನೆ, ನೀವು ಎಷ್ಟು ದಿನದಿಂದ ನಿದ್ದೆ ಮಾಡಿಲ್ಲ, ಊಟ ಮಾಡಿದ್ರಾ, ಸತ್ತೋಗ್ಬೇಕು ಅಂತ ಅನ್ಸುತ್ತಾ, ಹಂಗೆ ನೇರವಾಗೇ ಕೇಳಿದ್ಲು. ಇಲ್ಲ ಅಂದೆ, ನಿಜವಾಗ್ಲೂ ಇರ್ಲಿಲ್ಲ. ಆಮೇಲೆ ಒಂದು ಮಾತಂದ್ಲು, "ಲಿಂಗ ತೆಗೀಬೇಕಾ ಇಟ್ಕೊಬೇಕಾ ಅಂತ ಇವತ್ತು ರಾತ್ರಿನೇ ತೀರ್ಮಾನ ಮಾಡ್ಬೇಕಾಗಿಲ್ಲ ಅಲ್ವಾ ಅಕ್ಕ, ಇವತ್ತು ರಾತ್ರಿ ಮಲಗಿದ್ರೆ ಸಾಕು." ಒಂದು ವರ್ಷದಿಂದ ಎಲ್ರೂ ನನ್ನನ್ನ ಈ ಕಡೆನೋ ಆ ಕಡೆನೋ ಅಂತ ಎಳೀತಿದ್ರು, ನಾನೂ ನನ್ನನ್ನ ಎಳ್ಕೊತಿದ್ದೆ, ಮೊದಲನೇ ಸಲ ಒಬ್ರು ಎಳೀದೇ ಪಕ್ಕದಲ್ಲಿ ನಿಂತ್ರು. ಮಧ್ಯದಲ್ಲಿ ಮಳೆಗೆ ನಮ್ಮ ಕಡೆ ಟವರ್ ಹೋಗಿ ಕಾಲ್ ಕಟ್ಟಾಯ್ತು, ಮತ್ತೆ ಮಾಡಿದೆ, ಬೇರೆಯೋರು ಎತ್ತಿದ್ರು, ಅವ್ರೂ ತಾಳ್ಮೆಯಿಂದ ಮಾತಾಡಿ ಮಡಿಕೇರಿಲಿ ಯಾರನ್ನ ನೋಡ್ಬೇಕು ಅಂತ ದಾರಿ ಹೇಳಿಕೊಟ್ರು. ಇದಕ್ಕೆ ನಾನು ಐದಕ್ಕೆ ಐದು ಕೊಡ್ತೀನಿ. ಅವತ್ತು ಬೆಳಗಿನ ಜಾವ ಐದರವರೆಗೆ ನಿದ್ದೆ ಮಾಡಿದೀನಿ ಅನ್ನೋದೇ ಅದಕ್ಕೆ ಸಾಕ್ಷಿ.

ಒಂದು ತಿಳ್ಕೊಳ್ಳಿ, ಫೋನ್ ಇರೋದು ಅವತ್ತಿನ ರಾತ್ರಿ ದಾಟೋಕೆ, ದಾರಿ ಕೇಳೋಕೆ. ವಾರ ವಾರ ಕೂತು ಬಿಡಿಸ್ಬೇಕಾದ ಗಂಟಿಗೆ ಎದುರು ಕೂರೋದೇ ಒಳ್ಳೇದು. ಮಡಿಕೇರಿವರೆಗೂ ಹೋಗೋಕಾಗದೋರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಕರ್ನಾಟಕ ಸರ್ಕಾರ ನಡೆಸುತ್ತೆ, ದಿನ ವೇಳೆ ಫೋನಲ್ಲಿ ವಿಚಾರಿಸ್ಕೊಂಡು ಹೋಗಿ. ನಾನು ಬೇಕೂಂತ್ಲೇ ಮಡಿಕೇರಿ ಆರಿಸ್ಕೊಂಡೆ, ಹತ್ರದಲ್ಲಾದ್ರೆ ಬೆಂಚಲ್ಲಿ ಪಕ್ಕದಲ್ಲಿ ಕೂರೋದು ನಮ್ಮ ಅತ್ತೆಯ ತಂಗಿನೇ ಆಗಿರ್ತಾರೆ. ಅಂದಹಾಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ನಾವು ಹೇಳಿದ್ದನ್ನ ಗುಟ್ಟಾಗಿಡೋದು ಅವ್ರ ಜವಾಬ್ದಾರಿ, ಅದು ನಮ್ಮ ಹಕ್ಕು, ಸಣ್ಣ ಊರಲ್ಲಿ ಇರೋರಿಗೆ ಇದು ಎಷ್ಟು ಮುಖ್ಯ ಅಂತ ಪಟ್ಟಣದೋರಿಗೆ ಗೊತ್ತಾಗಲ್ಲ. ಬಸ್ಸಿಗೂ ಖರ್ಚಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಆಧಾರ್ ತೋರಿಸಿ ಸೋಮವಾರಪೇಟೆ, ಮಾದಾಪುರ ಮೇಲೆ ಮಡಿಕೇರಿಗೆ. ಮನೇಲಿ ಥೈರಾಯ್ಡ್ ತೋರಿಸ್ಕೊಂಡು ಬರ್ತೀನಿ ಅಂದಿದ್ದೆ, ಅದು ಪೂರ್ತಿ ಸುಳ್ಳೂ ಅಲ್ಲ, ಎದೆ ಬಡಿತ, ನಿದ್ದೆಗೇಡು ಅಂದಕೂಡ್ಲೇ ಅಲ್ಲಿ ಮೊದ್ಲು ಮಾಡಿಸಿದ್ದೇ ಥೈರಾಯ್ಡ್, ಹಿಮೋಗ್ಲೋಬಿನ್, ಇಸಿಜಿ. ಎಲ್ಲ ನಾರ್ಮಲ್ ಬಂತು. ಆಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಮೇಡಂ ಹತ್ರ ಕಳ್ಸಿದ್ರು.

ಮೇಡಂ ಬಗ್ಗೆ ಬರೆಯೋಕೆ ತುಂಬ ಇದೆ. ಮೊದಲ್ನೇ ದಿನ ನಾನು ಕೇಳಿದ್ದು, ಇದು ಕಾಯಿಲೆನಾ ಅಂತ. ಅಲ್ಲ ಅಂದ್ರು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್ಎಂ ಅಂತ ಇದೆಯಂತೆ, ಅದ್ರಲ್ಲಿ 1994ರಿಂದ ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ ಅಂತ ಒಂದು ಹೆಸರು ಇಟ್ಟಿದಾರೆ, ನಂಬಿಕೆ ಹೋಗಿದ್ದಕ್ಕೆ, ನಂಬಿಕೆನ ಪ್ರಶ್ನೆ ಮಾಡಿದ್ದಕ್ಕೆ ಬರೋ ಸಂಕಟ ಅದ್ರೊಳಗೆ ಬರುತ್ತೆ, ಕಾಯಿಲೆ ಅಲ್ಲ, ಆದ್ರೆ ಗಮನ ಕೊಡ್ಬೇಕಾದ ವಿಷ್ಯ ಅಂತ. ಇಷ್ಟು ಕೇಳಿದ್ದಕ್ಕೇ ನಂಗೆ ಅರ್ಧ ಭಾರ ಇಳೀತು, ಎಲ್ಲೋ ದೂರದಲ್ಲಿ ಪುಸ್ತಕದಲ್ಲಿ ಬರೆದಿಟ್ಟಿದಾರೆ ಅಂದ್ರೆ ನಂಗೊಬ್ಳಿಗೇ ಆಗಿರೋದಲ್ಲ. ಆಮೇಲೆ ನಾನೇ ಓದ್ಕೊಂಡೆ, ಮಾರ್ಲೀನ್ ವೈನೆಲ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞೆ 2011ರಲ್ಲಿ ಇಂಥ ನೋವಿಗೆ ಧಾರ್ಮಿಕ ಆಘಾತ ಅನ್ನೋ ಅರ್ಥದ ಹೆಸರು ಕೊಟ್ಟಿದಾರೆ, ಅಧಿಕೃತ ಕಾಯಿಲೆ ಪಟ್ಟಿಲಿ ಅದಿಲ್ಲ. ಅವ್ರು ಮುಖ್ಯವಾಗಿ ಹೇಳೋದು ಕಟ್ಟಾ ಕ್ರೈಸ್ತ ಮನೆಗಳಲ್ಲಿ ಬೆಳೆದೋರ ಬಗ್ಗೆ, ನರಕದ ಭಯದ ಬಗ್ಗೆ. ಓದ್ತಾ ನಂಗೆ ಅನ್ಸಿದ್ದು, ನಮ್ಮ ಕಡೆ ಭಯ ನರಕದ್ದಲ್ಲ. ಸತ್ಮೇಲೆ ಏನಾಗುತ್ತೆ ಅಂತ ನಾನು ಯಾವತ್ತೂ ಹೆದರಿಲ್ಲ. ನಮ್ಮ ಭಯ ಮನೆಗೆ ಏನಾದ್ರೂ ಆಗುತ್ತೆ ಅನ್ನೋದು. ಮಗೂಗೆ, ಎಜಮಾನ್ರಿಗೆ, ದನಕ್ಕೆ, ಬೆಳೆಗೆ. ಅದಕ್ಕೇ ಬೇರೆ ದೇಶದೋರಿಗೆ ಬರೆದಿದ್ದು ನಮಗೆ ಪೂರ್ತಿ ಹೊಂದಲ್ಲ, ನಮ್ಮ ಮನೆ ಗೊತ್ತಿರೋರು ಬೇಕು.

ನಂಬಿಕೆ ಇಲ್ಲ ಅಂದ್ಮೇಲೆ ಭಯ ಯಾಕೆ ಉಳಿದಿದೆ ಅಂತ ಕೇಳ್ದೆ. ಮೇಡಂ ನಿಮ್ಮ ತೋಟಕ್ಕೆ ಆನೆ ಬರುತ್ತಾ ಅಂದ್ರು. ಬರುತ್ತೆ, ಒಂದ್ಸಲ ಹಲಸಿನ ಮರದ ತಿರುವಲ್ಲಿ ಎದುರಿಗೇ ಸಿಕ್ಕಿತ್ತು ಅಂದೆ. ಈಗ ಆ ತಿರುವಲ್ಲಿ ಹೋಗುವಾಗ? ಕಾಲು ನಿಲ್ಲುತ್ತೆ. ಆನೆ ಇಲ್ಲ ಅಂತ ಗೊತ್ತಿದ್ರೂ? ಗೊತ್ತಿದ್ರೂ. "ತಲೆಗೆ ಗೊತ್ತಾಗಿದೆ, ಕಾಲಿಗೆ ಗೊತ್ತಾಗ್ಬೇಕು. ಕಾಲಿಗೆ ಮಾತಲ್ಲಿ ಹೇಳೋಕಾಗಲ್ಲ, ಆ ತಿರುವಲ್ಲಿ ದಿನಾ ನಡೆದಾಡಿ ಏನೂ ಆಗ್ಲಿಲ್ಲ ಅಂತ ಅದೇ ಕಲೀಬೇಕು" ಅಂದ್ರು. ನನ್ನ ತಮ್ಮ ವರ್ಷಗಟ್ಲೆ ವಾದ ಹೇಳಿ ಆಗದೇ ಇದ್ದಿದ್ದು ಈ ಒಂದು ಮಾತಲ್ಲಿ ಆಯ್ತು.

ಮನೇಲಿ ಮಾಡೋಕೆ ಕೊಟ್ಟಿದ್ದು ಕೇಳಿದ್ರೆ ನಗು ಬರಬಹುದು: ಸ್ನಾನಕ್ಕೆ ಮುಂಚೆ ಕಾಫಿ ಕುಡೀರಿ. ಅಷ್ಟೇ. ಲಿಂಗ ಮತ್ತೆ ತೆಗೆದಿಟ್ಟು, ಮುಖಾನೂ ತೊಳೀದೆ, ಒಲೆ ಮುಂದೆ ಕೂತು ಒಂದು ಲೋಟ. ಕುಡಿಯುವಾಗ ಭಯ ಎಷ್ಟಿದೆ ಅಂತ ಹತ್ತಕ್ಕೆ ಎಷ್ಟು ಅಂತ ನೋಟ್‌ಬುಕ್ಕಲ್ಲಿ ಬರೀಬೇಕು, ಭಯ ಓಡಿಸೋಕೆ ಮಂತ್ರ ಹೇಳ್ಬಾರ್ದು, ಎದ್ದು ಹೋಗ್ಬಾರ್ದು, ಮೊಬೈಲ್ ನೋಡ್ಬಾರ್ದು. ಮೊದಲ್ನೇ ದಿನ ಎಂಟು ಅಂತ ಬರ್ದಿದೀನಿ, ಲೋಟ ಹಿಡಿದ ಕೈ ನಡುಗಿ ಕಾಫಿ ಸೀರೆ ಮೇಲೆ ಚೆಲ್ಲಿದ ಕಲೆ ನೋಟ್‌ಬುಕ್ ಆ ಪುಟದಲ್ಲೂ ಇದೆ. ನಾಕನೇ ದಿನ ಏಳು. ನಡುವೆ ಒಂದಿನ ಅತ್ತೆ ಜಾರಿ ಬಿದ್ದು ಮಂಡಿ ತರಚ್ಕೊಂಡ್ರು, ಅವತ್ತು ಮತ್ತೆ ಒಂಬತ್ತು. ಮೂರು ವಾರಕ್ಕೆ ಮೂರಕ್ಕೆ ಬಂತು. ಈಗ ಬರೆಯೋದೇ ಬಿಟ್ಟಿದೀನಿ, ಕಾಫಿ ಕಾಫಿ ಥರಾನೇ ಇರುತ್ತೆ.

ಆದ್ರೆ ನನ್ನ ಕಣ್ಣು ತೆರೆಸಿದ್ದು ಮೂರನೇ ಸಲ ಹೋದಾಗ. "ಆ ಬೆಳಗಿನ ಇಪ್ಪತ್ತು ನಿಮಿಷದಲ್ಲಿ ನಿಮಗೆ ಇಷ್ಟ ಆಗ್ತಿದ್ದಿದ್ದು ಏನು?" ಅಂತ ಕೇಳಿದ್ರು. ಶಿವ ಅಂತ ಹೇಳೋಕೆ ಬಾಯಿ ತೆಗೆದೆ, ಬರ್ಲಿಲ್ಲ. ತುಂಬ ಹೊತ್ತು ಯೋಚ್ನೆ ಮಾಡಿ ಹೇಳ್ದೆ, ಯಾರೂ ಕರೀತಿರ್ಲಿಲ್ಲ ಅಂತ. ಹೇಳಿದ ಮೇಲೆ ನಂಗೇ ಗಂಟಲು ಕಟ್ಟಿತು. ಕೂಡು ಮನೆ ನಮ್ದು. ಬೆಳಗ್ಗೆ ಐದೂವರೆಯಿಂದ ರಾತ್ರಿ ಹತ್ತರವರೆಗೆ ನನ್ನ ಹೆಸರು ಎಷ್ಟು ಸಲ ಕೂಗ್ತಾರೋ ಲೆಕ್ಕ ಇಲ್ಲ, ರೊಟ್ಟಿ, ಸಾಕ್ಸ್, ಮಾತ್ರೆ, ಆಳುಗಳ ಲೆಕ್ಕ. ಪೂಜೆಗೆ ಕೂತಿರೋ ಹೆಂಗ್ಸನ್ನ ಮಾತ್ರ ಯಾರೂ ಕರೆಯಲ್ಲ. ಹಾಲು ಉಕ್ಕಿದ್ರೂ ಕರೆಯಲ್ಲ. ಇಡೀ ದಿನದಲ್ಲಿ ನಂದು ಅಂತ ಇದ್ದಿದ್ದು ಆ ಇಪ್ಪತ್ತು ನಿಮಿಷ, ನಾನು ನಂಬಿಕೆ ಬಿಟ್ಟಾಗ ಅದನ್ನೂ ಬಿಟ್ಟುಬಿಟ್ಟಿದ್ದೆ, ಬಿಟ್ಟಿದೀನಿ ಅಂತ ಗೊತ್ತೇ ಇರ್ಲಿಲ್ಲ. ಒಂದೂವರೆ ವರ್ಷ ದೇವ್ರು ಇಲ್ದೇ ಇರೋದಕ್ಕೆ ಒದ್ದಾಡ್ತಿದೀನಿ ಅಂದ್ಕೊಂಡಿದ್ದೆನಲ್ಲ, ಅದ್ರಲ್ಲಿ ಎಷ್ಟೋ ಪಾಲು ಒಬ್ಳೇ ಕೂರೋಕೆ ಜಾಗ ಇಲ್ದೇ ಇದ್ದಿದ್ದಕ್ಕೆ.

ಅವತ್ತು ಬಸ್ಸಿಗೆ ಟೈಮಿತ್ತು, ಓಂಕಾರೇಶ್ವರ ದೇವಸ್ಥಾನದ ಕೆರೆ ಮೆಟ್ಟಿಲ ಮೇಲೆ ಹೋಗಿ ಕೂತೆ. ದೇವಸ್ಥಾನಕ್ಕೆ ಹೋಗ್ಬಾರ್ದು ಅಂತ ನಂಗೇನೂ ಶಪಥ ಇಲ್ಲ. 1820ರಲ್ಲಿ ಹಾಲೇರಿ ಅರಸ ಲಿಂಗರಾಜೇಂದ್ರ ಕಟ್ಟಿಸಿದ್ದು ಅದು. ಒಬ್ಬ ಬ್ರಾಹ್ಮಣನ್ನ ಕೊಲ್ಲಿಸಿದ್ದಕ್ಕೆ ಅವ್ನು ಬ್ರಹ್ಮರಾಕ್ಷಸ ಆಗಿ ಕಾಡ್ತಿದ್ದ, ಆ ಕಾಟ ತಪ್ಪೋಕೆ ಕಾಶಿಯಿಂದ ಲಿಂಗ ತರಿಸಿ ದೇವಸ್ಥಾನ ಕಟ್ಟಿಸಿದ ಅಂತ ಕಥೆ ಇದೆ. ತಾತ ಹೇಳ್ತಿದ್ದಾಗ ನಾನು ರಾಕ್ಷಸನ್ನ ನೆನೆಸ್ಕೊಂಡು ಹೆದರ್ತಿದ್ದೆ, ಅವತ್ತು ನಂಗೆ ಅರಸನ ಮೇಲೆ ಕನಿಕರ ಬಂತು. ನಿದ್ದೆ ಬರದ ರಾತ್ರಿಗಳು ಅವ್ನಿಗೂ ಇದ್ವು. ನೀರಲ್ಲಿ ಮೀನು ನೋಡ್ತಾ ಅರ್ಧ ಗಂಟೆ ಕೂತಿದ್ದೆ, ಯಾರೂ ಕರೀಲಿಲ್ಲ.

ಮನೆಗೆ ಬಂದು ಎಜಮಾನ್ರಿಗೆ ಎಲ್ಲ ಹೇಳ್ದೆ. ಅವ್ರಿಗೆ ಅರ್ಧ ಗೊತ್ತಿತ್ತು, ಶಿವದಾರ ಕಾಣಿಸ್ತಿಲ್ಲ ಅಂತ ಗಂಡಂಗೆ ಗೊತ್ತಾಗ್ದೇ ಇರುತ್ತಾ, ಆದ್ರೆ ಕೇಳೋಕೆ ಧೈರ್ಯ ಇರ್ಲಿಲ್ಲವಂತೆ. "ನಂಗೆ ಬಿಡೋಕಾಗಲ್ಲ ಕಣೆ, ನಿಂಗೆ ಮಾಡೋಕಾಗಲ್ಲ, ಇಬ್ರೂ ಒಂದೇ ಮನೇಲಿ ಇರಬಹುದಲ್ಲ" ಅಂದ್ರು. ಈಗ ಏಳರಿಂದ ಏಳು ಇಪ್ಪತ್ತು ನಾನು ಕಣದ ಅಂಚಿನ ಕಲ್ಲಿನ ಮೇಲೆ ಕೂರ್ತೀನಿ, ಮಳೆಗಾಲದಲ್ಲಿ ಆದ್ರೆ ಕೊಟ್ಟಿಗೆ ಜಗಲಿ. ಯಾರಾದ್ರೂ ಕೂಗಿದ್ರೆ ಎಜಮಾನ್ರು "ಅವ್ಳು ಕೂತಿದಾಳೆ, ಏನು ಬೇಕು ನಂಗೆ ಹೇಳಿ" ಅಂತಾರೆ. ಯಾತಕ್ಕೆ ಕೂತಿದಾಳೆ ಅಂತ ಅತ್ತೆ ಕೇಳಿಲ್ಲ, ನಾವೂ ಹೇಳಿಲ್ಲ.

ಎಲ್ಲ ಬಿಡ್ಬೇಕಾಗಿಲ್ಲ ಅನ್ನೋದೂ ಮೇಡಂ ಹತ್ರ ಮಾತಾಡ್ತಾ ತಿಳೀತು. ವಚನ ಹಾಡೋದು ನಿಲ್ಸಿದ್ದೆ, ಈಗ ರೊಟ್ಟಿ ತಟ್ಟುವಾಗ ಹಾಡ್ತೀನಿ, ಆ ಕನ್ನಡ ನಂದೂ ಹೌದು. ಆಗಸ್ಟ್ 3ಕ್ಕೆ, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪಿನ ಪಾಯಸ ನಮ್ಮನೇಲೂ ಮಾಡ್ತೀವಿ, ಹದಿನೆಂಟು ಥರದ ಮದ್ದು ಆ ಸೊಪ್ಪಲ್ಲಿ ಅವತ್ತು ಸೇರಿರುತ್ತೆ ಅಂತಾರೆ, ನಂಗೆ ಅದ್ರ ನೇರಳೆ ಬಣ್ಣ, ಆ ವಾಸನೆ ಸಾಕು, ಎರಡು ಬಟ್ಟಲು ತಿಂದೆ. ಯಾರಿಗೆ ಹೇಳ್ಬೇಕು ಯಾರಿಗೆ ಬೇಡ ಅನ್ನೋದನ್ನೂ ಒಂದು ಹಾಳೆ ಮೇಲೆ ಬರೆದು ಯೋಚ್ನೆ ಮಾಡಿದ್ವಿ. ಎಲ್ರಿಗೂ ಸಾರಿ ಹೇಳಿದ್ರೇನೇ ಪ್ರಾಮಾಣಿಕತೆ ಅಂತಿಲ್ಲ, ಸುರಕ್ಷಿತ ಅಲ್ಲ ಅನ್ಸಿದ ಕಡೆ ಸುಮ್ನಿರೋದು ಸುಳ್ಳಲ್ಲ ಅಂತ ಅವ್ರಂದ್ರು. ಇದು ಗಂಡನ ಮನೆ ಮೇಲೆ, ಅಪ್ಪನ ದುಡ್ಡಿನ ಮೇಲೆ ಅವಲಂಬಿಸಿರೋ ಹುಡುಗಿರಿಗೆ ಬಹಳ ಮುಖ್ಯ, ದಯವಿಟ್ಟು ಆವೇಶದಲ್ಲಿ ಏನೂ ಮಾಡ್ಬೇಡಿ.

ಈ ಮಾತು ಉಪಯೋಗಕ್ಕೆ ಬಂದಿದ್ದು ಸಮೀಕ್ಷೆಯೋರು ಬಂದಾಗ. 2025ರ ಸೆಪ್ಟೆಂಬರ್ 22ಕ್ಕೆ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯ್ತಲ್ಲ, ನಮ್ಮನೆಗೆ ಒಬ್ರು ಟೀಚರ್ ಮೊಬೈಲ್ ಹಿಡ್ಕೊಂಡು ಬಂದು ಜಗಲಿಲಿ ಕೂತ್ರು. ಧರ್ಮದ ಕಾಲಂಗೆ ಬಂದಾಗ 'ಹಿಂದೂ' ಬರೆಸ್ಬೇಕಾ 'ಲಿಂಗಾಯತ' ಬರೆಸ್ಬೇಕಾ ಅಂತ ಮಾವ ಒಂದು, ಮೈದುನ ಒಂದು, ಅರ್ಧ ಗಂಟೆ ಜಟಾಪಟಿ. ನಾನು ಕಾಫಿ ಲೋಟದ ತಟ್ಟೆ ಹಿಡ್ಕೊಂಡು ನಿಂತಿದ್ದೆ. ಹಿಂದೆ ಆಗಿದ್ರೆ ಅವತ್ತು ರಾತ್ರಿಯೆಲ್ಲ ನಾನು ಹೇಡಿ ಅಂತ ಕೊರಗ್ತಿದ್ದೆ. ಅವತ್ತು ಕೊರಗ್ಲಿಲ್ಲ. 2011ರ ಜನಗಣತಿಲಿ ಧರ್ಮ ತಿಳಿಸದೇ ಇರೋರು ಅಂತ ದೇಶದಲ್ಲಿ ಸುಮಾರು 28.7 ಲಕ್ಷ ಜನ ಇದ್ರು ಅಂತ ಎಲ್ಲೋ ಓದಿದ್ದೆ, ಅವ್ರೆಲ್ಲ ನಾಸ್ತಿಕರು ಅಂತಲ್ಲ, ಆದ್ರೆ ಆ ಲಕ್ಷಗಳಲ್ಲಿ ನನ್ನಂಥೋರು ಯಾರಾದ್ರೂ ಇದ್ದೇ ಇರ್ತಾರೆ ಅಂತ ನೆನೆಸ್ಕೊಂಡು ತಟ್ಟೆ ಒಳಗೆ ತಗೊಂಡು ಹೋದೆ.

ಅವ್ವಂಗೆ ಹೇಳಿದ್ದು ಡಿಸೆಂಬರ್‌ನಲ್ಲಿ, ಹಣ್ಣು ಕೊಯ್ಲು ನಡೀತಿತ್ತು. ಹಿಂದಿನ ವಾರ ಮೇಡಂ ಎದುರು ನಾಕು ಸಲ ಹೇಳಿ ನೋಡಿದ್ದೆ, ಅವ್ರೇ ಅವ್ವ ಥರ ಮಾತಾಡಿ ಅಭ್ಯಾಸ ಮಾಡ್ಸಿದ್ರು. ಎಂಟಕ್ಕೆ ಫೋನ್ ಬಂತು. "ಲಿಂಗಪೂಜೆ ಆಯ್ತೇನವ್ವಾ?" "ಇಲ್ಲವ್ವ. ನಾನು ಮಾಡ್ತಿಲ್ಲ. ತುಂಬ ದಿನ ಆಯ್ತು. ಲಿಂಗ ಜೋಪಾನವಾಗಿ ಇಟ್ಟಿದೀನಿ." ಆ ಕಡೆಯಿಂದ ಏನೂ ಇಲ್ಲ, ಕೋಳಿ ಕೂಗಿದ್ದು ಮಾತ್ರ ಕೇಳಿಸ್ತಿತ್ತು. ಆಮೇಲೆ "ತಿಂಡಿ ತಿಂದ್ಯಾ?" ಅಂದ್ರು. ತಿಂದೆ ಅಂದೆ. ಫೋನಿಟ್ರು. ಅತ್ತಿದಾರೆ ಅಂತ ಆಮೇಲೆ ತಂಗಿ ಹೇಳಿದ್ಲು. ಮಾರನೇ ದಿನ ಎಂಟಕ್ಕೆ ಮತ್ತೆ ಫೋನ್, ಮತ್ತೆ ಅದೇ ಪ್ರಶ್ನೆ. ಮತ್ತೆ ಅದೇ ಹೇಳ್ದೆ. ಈಗ್ಲೂ ಕೇಳ್ತಾರೆ, ದಿನಾ ಅಲ್ಲ, ವಾರಕ್ಕೆ ಎರಡು ಸಲ. ಹೊಟ್ಟೆ ಕಿವುಚೋದು ನಿಂತಿದೆ. ಅವ್ವನ ನೋವು ನಿಂತಿಲ್ಲ, ಅದಕ್ಕೆ ನನ್ನ ಹತ್ರ ಮದ್ದಿಲ್ಲ, ಅದು ನಂಗೆ ನೋವೇ.

ಮಡಿಕೇರಿಗೆ ಒಟ್ಟು ಒಂಬತ್ತು ಸಲ ಹೋಗಿದೀನಿ, ಈಗ ಎರಡು ತಿಂಗಳಿಗೊಮ್ಮೆ. ನಂಗೆ ಮಾತ್ರೆ ಬೇಕಾಗ್ಲಿಲ್ಲ, ಕೆಲವ್ರಿಗೆ ಬೇಕಾಗುತ್ತೆ, ಅದನ್ನ ಬರೆಯೋದು ಸೈಕಾಲಜಿಸ್ಟ್ ಅಲ್ಲ, ಸೈಕಿಯಾಟ್ರಿಸ್ಟ್, ಬರೆದ್ರೆ ತಗೊಳ್ಳಿ. ರಾತ್ರಿ ಎಚ್ಚರ ಈಗ್ಲೂ ವಾರಕ್ಕೊಂದು ಸಲ ಆಗುತ್ತೆ, ಆದ್ರೆ ಮತ್ತೆ ನಿದ್ದೆ ಬರುತ್ತೆ. ಬುಟ್ಟಿ ಎತ್ತುವಾಗ ಎಡಗೈ ಈಗ್ಲೂ ಎದೆಗೆ ಹೋಗುತ್ತೆ. ಮೇಡಂ ಅದು ಹೋಗ್ದೇನೂ ಇರಬಹುದು, ಇರ್ಲಿ ಬಿಡಿ ಅಂದ್ರು.

ನಿಮಗೆ ಫೋನ್ ಮಾಡ್ಬೇಕು ಅನ್ಸಿದ್ರೆ ಮೊದ್ಲು ಮನೇಲಿ ಸಿಗ್ನಲ್ ಸರಿಯಾಗಿ ಸಿಗೋ, ಯಾರಿಗೂ ಕೇಳಿಸದೇ ಇರೋ ಜಾಗ ನೋಡಿಟ್ಕೊಳ್ಳಿ, ಮಳೆಗಾಲ ಆದ್ರೆ ಫೋನ್ ಚಾರ್ಜ್ ಮಾಡಿಟ್ಟಿರಿ. ಏನು ಹೇಳೋದು ಅಂತ ತೋಚದಿದ್ರೆ "ನಾನು ಪೂಜೆ ಬಿಟ್ಟಿದೀನಿ, ನಿದ್ದೆ ಬರ್ತಿಲ್ಲ" ಅಂತ ಶುರು ಮಾಡಿ. ನಾನು ಅವತ್ತು ಅತ್ತು ಮುಗಿದ ಮೇಲೆ ಹೇಳಿದ್ದೂ ಅಷ್ಟೇ, ಉಳಿದಿದ್ದೆಲ್ಲ ಅವ್ರೇ ಕೇಳಿ ತಿಳ್ಕೊಂಡ್ರು.